ಮುರಕಲ್ಲಿನ ಕೆಳಗೆ ಏನಿದೆ? ಕಾಸರಗೋಡಿನ ಗುಡ್ಡೆಯ ಕಲ್ಲು, ಮಣ್ಣು, ಖನಿಜ ಗುರುತಿಸಲು ಸಮಗ್ರ ಮಾರ್ಗದರ್ಶಿ

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಗುಡ್ಡೆಯ ತಲೆ ಕೆಂಪು, ಮನೆಯ ಗೋಡೆ ಕೆಂಪು, ಆಟಿ ತಿಂಗಳ ತೋಡಿನ ನೀರೂ ಕೆಂಪು. ಆದರೆ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿ ಸಿಗುತ್ತದೆ, ಕಡಿದ ಗುಡ್ಡೆ ಯಾಕೆ ಜರಿಯುತ್ತದೆ, ನೀರಿಗಾಗಿ ಸುರಂಗ ಎಲ್ಲಿ ಕೊರೆಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಮುರಕಲ್ಲು ಎಂಬ ಆ ಕೆಂಪು ಕಲ್ಲಿನ ಅಡಿಯಲ್ಲಿ ಅಡಗಿರುವ ಬಿಳಿ ಪದರ, ಅಂದರೆ ಶೇಡಿ. ಹಾಗಾಗಿ ಕೈಯಲ್ಲಿ ಒಂದು ಕಲ್ಲು ಹಿಡಿದು ‘ಇದೇನು’ ಎಂದು ಕೇಳುವುದಕ್ಕಿಂತ ಮೊದಲು ಆ ಕಲ್ಲು ಎಷ್ಟು ಆಳದಲ್ಲಿ, ಯಾವುದರ ಮೇಲೆ, ಯಾವುದರ ಕೆಳಗೆ ಇತ್ತು ಎಂದು ಕೇಳಬೇಕು. ಈ ಮಾರ್ಗದರ್ಶಿಯ ಕ್ರಮವೂ ಅದೇ: ಮೊದಲು ಪದರ, ಆಮೇಲೆ ಖನಿಜ, ಕಲ್ಲು, ಮಣ್ಣು. ಪಳೆಯುಳಿಕೆ ಕೊನೆಗೆ; ಯಾಕೆಂದರೆ ಈ ನೆಲದಲ್ಲಿ ಅದು ಸಿಗುವುದೇ ಕಡಿಮೆ.

ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ನೂಲಿಗೆ ಕಟ್ಟಿದ ಒಂದು ಅಯಸ್ಕಾಂತ, ಉಕ್ಕಿನ ಮೊಳೆ, ತಾಮ್ರದ ತುಂಡು, ಹೊಳಪು ಬಳಿಯದ ಹಿಂಬದಿ ಇರುವ ಬಿಳಿ ಟೈಲ್ಸಿನ ಚೂರು, ಸಣ್ಣ ಬಾಟಲಿಯಲ್ಲಿ ವಿನೆಗರ್, ಅಳತೆ ಟೇಪು, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಪ್ಲಾಸ್ಟಿಕ್ ತೊಟ್ಟೆಗಳು, ಮಾರ್ಕರ್ ಪೆನ್ನು. ಸುತ್ತಿಗೆ ಮೇಸ್ತ್ರಿಗಳದ್ದಾಗಲಿ. ಬಡಗಿಯ ಸುತ್ತಿಗೆಯಿಂದ ಗಟ್ಟಿ ಕಲ್ಲಿಗೆ ಹೊಡೆದರೆ ಸುತ್ತಿಗೆಯ ಅಂಚೇ ಚಕ್ಕೆ ಎದ್ದು ಕಣ್ಣಿಗೆ ಹಾರುತ್ತದೆ. ಏನೇ ಒಡೆಯುವುದಿದ್ದರೂ ಕಣ್ಣಿಗೆ ಕನ್ನಡಕ ಇರಲೇಬೇಕು.

ಹಂತ 1: ಕಡಿದ ಮೈಯೊಂದನ್ನು ಹುಡುಕಿ

ಹೊಸದಾಗಿ ತೋಡುತ್ತಿರುವ ಬಾವಿ, ಕೆಂಪುಕಲ್ಲಿನ ಕೋರೆ, ಜೆಸಿಬಿ ಕಡಿದ ಮನೆ ನಿವೇಶನ, ಮಾರ್ಗದ ಬದಿಯ ಬರೆ (ಗುಡ್ಡೆ ಕಡಿದಾಗ ಉಳಿಯುವ ನೆಟ್ಟನೆಯ ಮೈ), ಇವೆಲ್ಲ ಪದರ ನೋಡಲು ಸಿಗುವ ಜಾಗಗಳು. ಜನವರಿಯಿಂದ ಏಪ್ರಿಲ್‌ವರೆಗಿನ ಸಮಯ ಒಳ್ಳೆಯದು. ಮಳೆಗಾಲದಲ್ಲಿ ಬರೆಯ ಹತ್ತಿರ ಹೋಗಲೇಬೇಡಿ. ಬೇಸಿಗೆಯಲ್ಲೂ ಬರೆ ಎಷ್ಟು ಎತ್ತರವಿದೆಯೋ ಕನಿಷ್ಠ ಅಷ್ಟು ದೂರದಲ್ಲಿ ನಿಂತು ಮೊದಲು ಪೂರ್ತಿ ನೋಡಿ. ಮೇಲಂಚಿನಲ್ಲಿ ಬಿರುಕು ಕಂಡರೆ, ಅಡಿಯಿಂದ ನೀರು ಒಸರುತ್ತಿದ್ದರೆ ವಾಪಸ್ ಬನ್ನಿ.

ಬಾವಿಗೆ ಇಳಿಯುವ ಅಗತ್ಯವಿಲ್ಲ. ತೋಡುವವರ ಲೆಕ್ಕ ಕೋಲಿನಲ್ಲಿರುತ್ತದೆ. ಒಂದು ಕೋಲೆಂದರೆ ಸುಮಾರು 72 ಸೆಂಟಿಮೀಟರ್. ಪ್ರತಿ ಕೋಲಿನ ಮಣ್ಣಿನಿಂದ ಒಂದು ಬುಟ್ಟಿಯನ್ನು ಬೇರೆ ರಾಶಿ ಹಾಕಿಕೊಡಿ ಎಂದು ಕೆಲಸ ಶುರುವಾಗುವ ಮೊದಲೇ ಹೇಳಿಡಿ. ಮೊದಲ ದಿನ ಹೇಳದಿದ್ದರೆ ಮೂರನೇ ದಿನಕ್ಕೆ ಎಲ್ಲವೂ ಒಂದೇ ಗುಡ್ಡೆಯಾಗಿರುತ್ತದೆ, ಆಮೇಲೆ ಏನು ಮಾಡಿಯೂ ಪ್ರಯೋಜನವಿಲ್ಲ. ಕೋರೆಗೆ ಹೋಗುವುದಾದರೆ ನಡೆಸುವವರ ಒಪ್ಪಿಗೆ ಬೇಕು. ನಮ್ಮದೇ ಜಾಗವಾದರೂ ಮಾರಾಟಕ್ಕೆ ಕಲ್ಲು ಕಡಿಯಲು ಕೇರಳದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕೆಂಬುದೂ ನೆನಪಿರಲಿ.

ಹಂತ 2: ಮೇಲಿನಿಂದ ಕೆಳಗೆ ಪದರ ಬರೆದುಕೊಳ್ಳಿ

ತಲೆಗಿಂತ ತಗ್ಗಿನ ಬರೆಯಲ್ಲಿ ಒಂದಡಿ ಅಗಲದ ಪಟ್ಟಿಯನ್ನು ಹಾರೆಯಿಂದ ಮೇಲಿಂದ ಕೆಳಗೆ ಕೆರೆದು ಹೊಸ ಮೈ ಬರಿಸಿ. ಹಳೆಯ ಬರೆಯ ಮೇಲೆ ಮಳೆ ನೀರು ಕೆಂಪು ಮಣ್ಣನ್ನು ಇಳಿಸಿ ಬಳಿದಿರುತ್ತದೆ. ಕೆರೆಯದೆ ನೋಡಿದವರು ಬಿಳಿ ಪದರವನ್ನೂ ಮುರಕಲ್ಲೆಂದು ಬರೆದುಕೊಳ್ಳುತ್ತಾರೆ. ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಇದೇ.

ಸಾಮಾನ್ಯವಾಗಿ ಕಾಣುವ ಕ್ರಮ ಇದು. ಮೇಲೆ ತೆಳ್ಳಗಿನ ಕಂದು ಮಣ್ಣು, ಅದರಲ್ಲಿ ಕಡಲೆಯಷ್ಟು ದಪ್ಪದ ಗುಂಡಗಿನ ಕೆಂಪು ಜಲ್ಲಿ. ಅದರಡಿ, ಕೆಲವು ಕಡೆ ನೇರವಾಗಿ ಮೇಲೆಯೇ, ಸುತ್ತಿಗೆಗೂ ಜಗ್ಗದ ಕಪ್ಪು-ಕಂದು ಚಿಪ್ಪು. ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ಪಾರೆ ಎಂದರೆ ಈ ಚಿಪ್ಪು ಬಯಲಾದದ್ದು. ಅದರ ಕೆಳಗೆ ತೂತು ತೂತಿನ ಮುರಕಲ್ಲು. ಗೋಡೆಯ ಕಲ್ಲು ಬರುವುದು ಇಲ್ಲಿಂದ. ಕೆಳಗೆ ಹೋದಂತೆ ಕೆಂಪಿನ ನಡುವೆ ಹಳದಿ, ಬಿಳಿ ಮಚ್ಚೆ ಹೆಚ್ಚುತ್ತವೆ, ಕಲ್ಲು ಮೆತ್ತಗಾಗುತ್ತದೆ. ಆಮೇಲೆ ಬರುವುದು ಶೇಡಿ: ಬಿಳಿ, ನಸುಗೆಂಪು, ನಸುಹಳದಿ ಬಣ್ಣದ, ಉಗುರಿಗೆ ಸಿಕ್ಕುವ ಮಣ್ಣು. ಅದರಡಿ ಅರ್ಧ ಕರಗಿದ ಕಲ್ಲು, ನಡುನಡುವೆ ಈರುಳ್ಳಿಯಂತೆ ಸಿಪ್ಪೆ ಬಿಡುವ ಗುಂಡುಗಳು. ಕಟ್ಟಕಡೆಗೆ ಗಟ್ಟಿ ಶಿಲೆ.

ಹೆಚ್ಚಿನ ಕಡೆ ಇವು ಒಂದರ ಮೇಲೊಂದು ಬಂದು ಬಿದ್ದ ಪದರಗಳಲ್ಲ, ಒಂದೇ ಶಿಲೆಯ ಬೇರೆ ಬೇರೆ ವಯಸ್ಸು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಬಿಸಿ ನಾಡಿನಲ್ಲಿ ನೀರು ಶಿಲೆಯೊಳಗಿನ ಸುಣ್ಣ, ಸೋಡಾ, ಪೊಟ್ಯಾಶ್ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ, ನಿಧಾನವಾಗಿ ಸಿಲಿಕವನ್ನೂ ಒಯ್ಯುತ್ತದೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಮಳೆಗಾಲದಲ್ಲಿ ನೀರಿನ ಮಟ್ಟ ಏರಿ, ಬೇಸಿಗೆಯಲ್ಲಿ ಇಳಿಯುವಾಗ ಕಬ್ಬಿಣ ಅತ್ತಿತ್ತ ಸರಿದು ಗಾಳಿ ತಾಗುವ ಮೇಲ್ಭಾಗದಲ್ಲಿ ತುಕ್ಕಾಗಿ ಗಟ್ಟಿಯಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ-ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿ, ನೆಲದಲ್ಲಿ ಮೆತ್ತಗಿದ್ದು ಕಡಿದು ಹೊರಗಿಟ್ಟ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟರು. 1807ರಲ್ಲಿ ಅಚ್ಚಾದ ಹೆಸರದು. ಮೂಲ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದ. ಅವರು ಅದನ್ನು ಗುರುತಿಸಿದ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂ ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮಲ್ಲಿ ‘ಜಂಬಿಟ್ಟಿಗೆ’ ಎಂಬ ಮಾತು ಮೊದಲೇ ಇತ್ತು, ಅದರಲ್ಲೂ ಇಟ್ಟಿಗೆ ಇದೆ.

ಪುಸ್ತಕದಲ್ಲಿ ಪ್ರತಿ ಪದರಕ್ಕೂ ಆಳ, ಬಣ್ಣ, ಮೊಳೆ ಎಷ್ಟು ಇಳಿಯಿತು, ಒದ್ದೆಯೋ ಒಣಗಿದ್ದೋ ಎಂಬ ನಾಲ್ಕು ಸಂಗತಿ ಬರೆದರೆ ಸಾಕು. ಬಣ್ಣವನ್ನು ಒಮ್ಮೆ ಒಣಗಿದ್ದಾಗ, ಒಮ್ಮೆ ನೀರು ಚಿಮುಕಿಸಿ ನೋಡಿ. ಎರಡೂ ಬೇರೆಯೇ ಇರುತ್ತವೆ.

ಹಂತ 3: ಖನಿಜ ಪರೀಕ್ಷೆ

ಒಡೆದ ಹೊಸ ಮೈಯಲ್ಲಿ ಮಾತ್ರ ಪರೀಕ್ಷಿಸಿ. ಹೊರಮೈ ಯಾವಾಗಲೂ ಸುಳ್ಳು ಹೇಳುತ್ತದೆ.

ಗಡಸುತನ ಮೊದಲು. ಮೋಸ್ ಮಾಪಕ 1ರಿಂದ 10ರವರೆಗೆ. ಉಗುರು ಸುಮಾರು 2.5, ತಾಮ್ರ 3, ಉಕ್ಕಿನ ಮೊಳೆ ಮತ್ತು ಗಾಜು ಸುಮಾರು 5.5. ಉಗುರಿಗೆ ಸಿಕ್ಕುವ ಬಿಳಿ ಪುಡಿ ಕೆಯೊಲಿನೈಟ್, ಶೇಡಿಯ ಮುಖ್ಯ ಖನಿಜ. ಮೊಳೆಗೆ ಜಗ್ಗದೆ ಗಾಜನ್ನು ಸಲೀಸಾಗಿ ಗೀರುವ ಬಿಳಿ ಅಥವಾ ಹೊಗೆ ಬಣ್ಣದ ಕಲ್ಲು ಬೆಣಚು, ಗಡಸುತನ 7. ಫೆಲ್ಡ್‌ಸ್ಪಾರ್ 6, ಅದೂ ಗಾಜನ್ನು ಗೀರುತ್ತದೆ, ಆದರೆ ಒಡೆದಾಗ ಸಪಾಟು ಮುಖಗಳು ಮಿನುಗುತ್ತವೆ. ಬೆಣಚು ಹಾಗಲ್ಲ, ಒಡೆದ ಸೀಸೆಯಂತೆ ಬಾಗಿದ ಮೈ. ಗೀರಿದ ಜಾಗವನ್ನು ಬೆರಳಲ್ಲಿ ಉಜ್ಜಿ ನೋಡಿ: ಗೆರೆ ಅಳಿಸಿಹೋದರೆ ಅದು ಕಲ್ಲಿಗೆ ಆದ ಗೀರಲ್ಲ, ಮೊಳೆಯ ಲೋಹವೇ ಕಲ್ಲಿಗೆ ಹತ್ತಿದ್ದು.

ಟೈಲ್ಸಿನ ಹಿಂಬದಿಗೆ ಉಜ್ಜಿದಾಗ ಬೀಳುವ ಗೆರೆಯ ಬಣ್ಣ ಈ ನಾಡಿಗೆ ತಕ್ಕ ಪರೀಕ್ಷೆ, ಯಾಕೆಂದರೆ ನಮ್ಮಲ್ಲಿ ಕಬ್ಬಿಣದ ಖನಿಜವೇ ಹೆಚ್ಚು. ಒಂದೇ ಮುರಕಲ್ಲಿನ ತುಂಡಿನಲ್ಲಿ ಮೂರು ಕಡೆ ಉಜ್ಜಿ. ಗಾಢ ಕೆಂಪು ಭಾಗ ಇಟ್ಟಿಗೆಗೆಂಪು ಗೆರೆ ಬಿಡುತ್ತದೆ, ಅದು ಹೆಮಟೈಟ್. ಕಂದು-ಹಳದಿ ಭಾಗ ಅರಸಿನ ಕಲಸಿದ ಮಣ್ಣಿನ ಬಣ್ಣದ ಗೆರೆ, ಅದು ಗೋಥೈಟ್. ತೂತಿನೊಳಗಿನ ಬಿಳಿ ಭಾಗ ಟೈಲ್ಸಿನಲ್ಲಿ ಕಾಣಿಸುವುದೇ ಇಲ್ಲ, ಅದು ಕೆಯೊಲಿನೈಟ್ ಅಥವಾ ಗಿಬ್ಸೈಟ್. ಗಿಬ್ಸೈಟ್ ಹೆಚ್ಚಾಗಿ ಕಬ್ಬಿಣ ಕಡಿಮೆಯಾದರೆ ಅದೇ ಅಲ್ಯುಮಿನಿಯಂ ಅದಿರಾದ ಬಾಕ್ಸೈಟ್. ನೀಲೇಶ್ವರದ ಕಡೆ ಅದರ ನಿಕ್ಷೇಪಗಳಿವೆ. ಬೆಣಚನ್ನು ಉಜ್ಜಿದರೆ ಬಿಳಿ ಪುಡಿ ಬರುತ್ತದೆ, ಆದರೆ ಅದು ಕಲ್ಲಿನದಲ್ಲ, ಟೈಲ್ಸಿನದು.

ಅಯಸ್ಕಾಂತವನ್ನು ಪ್ಲಾಸ್ಟಿಕ್ ತೊಟ್ಟೆಯೊಳಗಿಟ್ಟೇ ಬಳಸಿ. ಬರಿದಾಗಿ ಪುಡಿಗೆ ತಾಗಿಸಿದರೆ ಆ ಕಪ್ಪು ಪುಡಿ ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಕಡಲ ಬದಿಯಲ್ಲಿ ಮಳೆಗಾಲದ ಅಲೆ ಬಿಟ್ಟುಹೋಗುವ ಕಪ್ಪು ಗೆರೆಯ ಮೇಲೆ ಆಡಿಸಿದರೆ ಮ್ಯಾಗ್ನಟೈಟ್ ಮಾತ್ರ ಜಿಗಿದು ಅಂಟುತ್ತದೆ, ಅದರ ಜೊತೆಗಿನ ಇನ್ನೊಂದು ಕಪ್ಪು ಖನಿಜ ಇಲ್ಮನೈಟ್ ಸಾಮಾನ್ಯ ಅಯಸ್ಕಾಂತಕ್ಕೆ ಹೆಚ್ಚುಕಮ್ಮಿ ಓಗೊಡುವುದಿಲ್ಲ. ನೋಡಿ, ಅಲ್ಲೇ ಬಿಡಿ. ಕಡಲ ಮರಳನ್ನು ಮನೆಗೆ ಹೊತ್ತು ತರುವಂತಿಲ್ಲ.

ಇನ್ನು ಸಾಪೇಕ್ಷ ಸಾಂದ್ರತೆ, ಅಂದರೆ ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು. ಒಣ ಕಲ್ಲನ್ನು ತೂಗಿ. ತಕ್ಕಡಿಯ ಮೇಲೆ ಮುಕ್ಕಾಲು ನೀರು ತುಂಬಿದ ಪಾತ್ರೆಯಿಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ನೂಲಿನಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ಕೈಯಲ್ಲಿ ಹಿಡಿಯಿರಿ. ಮೊದಲ ತೂಕವನ್ನು ಈಗ ತೋರಿಸುವ ಅಂಕಿಯಿಂದ ಭಾಗಿಸಿ. ಕಲ್ಲು 318 ಗ್ರಾಂ, ಮುಳುಗಿಸಿದಾಗ 120 ಬಂದರೆ ಉತ್ತರ 2.65, ಅದು ಬೆಣಚಿನ ಅಂಕಿ. ಮ್ಯಾಗ್ನಟೈಟ್, ಹೆಮಟೈಟ್ 5ರ ಮೇಲೆ, ಗಾರ್ನೆಟ್ 3.5ರಿಂದ 4.3ರ ನಡುವೆ. ಮುರಕಲ್ಲಿಗೆ ಇದನ್ನು ಮಾಡಬೇಡಿ: ತೂತುಗಳಲ್ಲಿ ನಿಂತ ಗಾಳಿ ಲೆಕ್ಕ ಕೆಡಿಸುತ್ತದೆ, ನೀರು ಕುಡಿಯುತ್ತಿರುವಾಗ ಅಂಕಿ ಇಳಿಯುತ್ತಲೇ ಹೋಗುತ್ತದೆ.

ಚಿನ್ನ ಸಿಕ್ಕಿತೆಂದು ಯಾರಾದರೂ ತೋರಿಸುವ ಮಿನುಗು ಬಹುತೇಕ ಕಾಗೆಬಂಗಾರ. ಸೂಜಿಯಿಂದ ಎಬ್ಬಿಸಿ, ಹಾಳೆ ಹಾಳೆಯಾಗಿ ಎದ್ದರೆ ಅಭ್ರಕ. ಕಪ್ಪು ಅಭ್ರಕದಿಂದ ಕಬ್ಬಿಣ ತೊಳೆದುಹೋಗುವಾಗ ಅದು ಹೊಂಬಣ್ಣಕ್ಕೆ ತಿರುಗುತ್ತದೆ.

ಹಂತ 4: ಅಡಿಯ ಶಿಲೆ ಯಾವುದು

ಹೊಳೆಯ ಪಾತ್ರ, ಜಲ್ಲಿ ಕ್ವಾರಿ, ಕೊಳವೆಬಾವಿಯಿಂದ ಬಂದ ಹುಡಿಯಲ್ಲಿ ಗಟ್ಟಿ ಶಿಲೆ ಸಿಗುತ್ತದೆ. ಬಿಳಿ-ಕಪ್ಪು ಪಟ್ಟೆಗಳು ಹೆಣೆದಂತಿದ್ದರೆ ಅದು ನೈಸ್ (gneiss) ಎಂಬ ಶಿಲೆ. ಪಟ್ಟೆ ಮಸುಕಾಗಿ, ಮೈಯೆಲ್ಲ ಎಣ್ಣೆ ಸವರಿದಂಥ ಗಾಢ ಹಸಿರು-ಬೂದು ಬಣ್ಣವಿದ್ದು ಬೆಣಚೂ ನೀಲಿ ಛಾಯೆಯಲ್ಲಿದ್ದರೆ ಚಾರ್ನೊಕೈಟ್. ಕೋಲ್ಕತ್ತದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್‌ರ ಗೋರಿಕಲ್ಲಿನಿಂದ ಅದಕ್ಕೆ ಆ ಹೆಸರು. ಗೋರಿ ಅಲ್ಲಿದ್ದರೂ ಕಲ್ಲು ದಕ್ಷಿಣದ್ದೇ. ಕಣಗಳೇ ಕಾಣದಷ್ಟು ನಯವಾದ ಕಪ್ಪು ಕಲ್ಲು ಬೇರೆ ಶಿಲೆಯನ್ನು ಗೋಡೆಯಂತೆ ಸೀಳಿಕೊಂಡು ನೇರ ಸಾಗಿದ್ದರೆ ಅದು ಡೊಲೆರೈಟ್ ಡೈಕ್.

ಶಿಲೆ ಕಾಣದಿದ್ದರೂ ಶೇಡಿಯನ್ನೇ ಕೇಳಬಹುದು. ಕೆರೆದ ಶೇಡಿಯ ಮೈಯನ್ನು ಮಸೂರದಲ್ಲಿ ನೋಡಿ: ಹಳೆಯ ನೈಸಿನ ಪಟ್ಟೆಗಳು ಮಣ್ಣಾದ ಮೇಲೂ ಹಾಗೆಯೇ ಉಳಿದಿರುತ್ತವೆ. ಕರಗದ ಬೆಣಚಿನ ಎಳೆಯೊಂದು ಶೇಡಿಯಿಂದ ಹೊರಟು ಮುರಕಲ್ಲಿನೊಳಕ್ಕೆ ಮುರಿಯದೆ ಏರಿದ್ದರೆ ಆ ಗುಡ್ಡೆ ಇದ್ದಲ್ಲೇ ಮಾಗಿದ್ದು ಎಂದು ಧೈರ್ಯವಾಗಿ ಹೇಳಿ. ಅದರ ಬದಲು ಮುರಕಲ್ಲಿನೊಳಗೆ ಉರುಟು ಬೆಣಚು ಹರಳುಗಳ ಸಾಲು ಕಂಡರೆ ಅದು ಹಿಂದೆ ಹೊಳೆಯೋ ಕಡಲೋ ತಂದಿಟ್ಟ ಮಣ್ಣು, ಆಮೇಲೆ ಮುರಕಲ್ಲಾದದ್ದು.

ಹಂತ 5: ಗೋಡೆಗೆ ಕಲ್ಲು ಆರಿಸುವುದು

ಕಲ್ಲನ್ನು ಸುತ್ತಿಗೆಯಿಂದ ತಟ್ಟಿ. ಖಣ್ ಎಂದರೆ ಒಳ್ಳೆಯದು, ಬೊದ್ದು ಸದ್ದಾದರೆ ಒಳಗೆ ಮಣ್ಣು ತುಂಬಿದ ಪೊಟ್ಟು. ಒಡೆದ ಮುಖದಲ್ಲಿ ಅಂಗೈಯಗಲದ ಬಿಳಿ ಮಚ್ಚೆ ಇರುವ ಕಲ್ಲು ಕೋರೆಯ ಕೊನೆಯ ಸಾಲಿನದು, ಶೇಡಿಗೆ ಹತ್ತಿರದ್ದು. ಮಳೆ ಹೊಡೆಯುವ ಗೋಡೆಗೆ ಬೇಡ. ಅನುಮಾನವಿದ್ದರೆ ಚೆನ್ನಾಗಿ ಒಣಗಿದ ಒಂದು ಕಲ್ಲನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಮೈ ಒರೆಸಿ ಮತ್ತೆ ತೂಗಿ. 28 ಕಿಲೋ ಇದ್ದದ್ದು 30.8 ಆದರೆ ನೀರು ಹೀರಿದ್ದು ಶೇ. 10. ಭಾರತೀಯ ಮಾನಕ ಐಎಸ್ 3620 ಒಪ್ಪುವ ಮಿತಿ ಶೇ. 12. ಹಸಿ ಕಲ್ಲನ್ನು ಕಡಿದ ವಾರದಲ್ಲೇ ಕಟ್ಟುವುದು ಇಂದಿನ ರೂಢಿ, ಆದರೆ ಅದು ತಪ್ಪು. ಒಂದಿಷ್ಟು ತಿಂಗಳು ಗಾಳಿ ಬಿಸಿಲಿಗೆ ಬಿಟ್ಟ ಕಲ್ಲು ಒಳತೇವ ಆರಿ ಗಟ್ಟಿಯಾಗುತ್ತದೆ, ಸಾರಣೆಯೂ ಬಿರಿಯುವುದಿಲ್ಲ. ಕಲ್ಲು ಎಷ್ಟು ಬಾಳುತ್ತದೆ ಎಂಬುದನ್ನು ಕಾಣಬೇಕಿದ್ದರೆ ಬೇಕಲ ಕೋಟೆಗೆ ಹೋಗಿ, ಕಡಲ ಗಾಳಿಗೆ ಎದುರಾದ ಮತ್ತು ಮರೆಯಾದ ಗೋಡೆಗಳನ್ನು ಹೋಲಿಸಿ. ಚೂರು ಕೂಡ ಕೀಳಬೇಡಿ.

ಹಂತ 6: ಶೇಡಿಯ ಪರೀಕ್ಷೆ, ಬಿಡಲೇಬಾರದ್ದು

ಬರೆಯ ಅಡಿಯಿಂದ ನಿಂಬೆಹಣ್ಣಿನಷ್ಟು ದೊಡ್ಡ ಉಂಡೆ ತೆಗೆದು ಎರಡು ದಿನ ಬಿಸಿಲಿನಲ್ಲಿ ಒಣಗಿಸಿ. ಒಣಗಿದಾಗ ಅದು ಎಷ್ಟು ಗಟ್ಟಿಯೆಂದರೆ ಕೈಯಲ್ಲಿ ಒಡೆಯಲು ಕಷ್ಟ. ಈಗ ಗಾಜಿನ ಲೋಟದ ನೀರಿಗೆ ಮೆಲ್ಲಗೆ ಇಳಿಸಿ, ಕಲಕಬೇಡಿ. ಮೊದಲು ಗುಳ್ಳೆ ಏಳುತ್ತವೆ, ಅಂಚುಗಳು ಉದುರುತ್ತವೆ, ಕೆಲವೇ ನಿಮಿಷದಲ್ಲಿ ಉಂಡೆ ಕುಸಿದು ತಳದಲ್ಲಿ ರಾಶಿಯಾಗುತ್ತದೆ. ಪಕ್ಕದ ಲೋಟದಲ್ಲಿಟ್ಟ ಮುರಕಲ್ಲಿನ ತುಂಡು ಮರುದಿನವೂ ಹಾಗೆಯೇ ಇರುತ್ತದೆ.

ಗುಡ್ಡೆ ಜರಿಯುವ ಬಗೆ ಈ ಲೋಟದಲ್ಲೇ ಇದೆ. ಬೇಸಿಗೆಯಲ್ಲಿ ನೆಟ್ಟಗೆ ಕಡಿದ ಶೇಡಿ ಗೋಡೆಯಂತೆ ನಿಲ್ಲುತ್ತದೆ, ಕಡಿದವರಿಗೂ ನಂಬಿಕೆ ಬರುತ್ತದೆ. ಜೂನ್‌ನಲ್ಲಿ ಮೇಲಿನ ಮುರಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯ ಮೇಲೆ ತಡೆದು ನಿಂತು ಅದನ್ನು ನೆನೆಸುತ್ತದೆ. ಅಡಿ ಜಾರಿತೆಂದರೆ ಮೇಲಿನ ಭಾರದ ಕಲ್ಲು ಒಟ್ಟಿಗೇ ಬರುತ್ತದೆ. ಹೆದ್ದಾರಿ 66ಕ್ಕಾಗಿ ಕಡಿದ ಚೆರುವತ್ತೂರಿನ ವೀರಮಲ ಗುಡ್ಡೆ 2025ರ ಮಳೆಗಾಲದಲ್ಲಿ ರಸ್ತೆಗೆ ಕುಸಿದದ್ದನ್ನು ಜಿಲ್ಲೆ ಮರೆತಿಲ್ಲ.

ಮನೆಯ ಹಿಂದೆ ಕಡಿಯಲೇಬೇಕಾದರೆ ಮುರಕಲ್ಲಿನಲ್ಲೇ ನಿಲ್ಲಿಸಿ. ಶೇಡಿ ತಲುಪಿದರೆ ನೆಟ್ಟಗೆ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಕಡಿಯಬೇಕು, ಗುಡ್ಡೆಯ ತಲೆಯ ನೀರು ಬರೆಗೆ ಇಳಿಯದಂತೆ ಮೇಲೆಯೇ ಅಡ್ಡಕಣಿ ತೋಡಬೇಕು, ತಡೆಗೋಡೆ ಕಟ್ಟಿದರೆ ನೀರು ಹೊರಬರಲು ಪೈಪು ಬಿಡಬೇಕು. ಪೈಪಿಲ್ಲದ ತಡೆಗೋಡೆಗಿಂತ ಗೋಡೆಯೇ ಇಲ್ಲದಿರುವುದು ವಾಸಿ, ಅದು ಹಿಂದೆ ನೀರು ಕಟ್ಟಿಟ್ಟು ಒಮ್ಮೆಲೇ ಬೀಳುತ್ತದೆ. ಬರೆ ಮೂರು ಮೀಟರಿಗಿಂತ ಎತ್ತರವಾದರೆ ಇಂಜಿನಿಯರ್ ನೋಡಲೇಬೇಕು.

ಇದೇ ತಡೆಯುವ ಗುಣದಿಂದಲೇ ಬಾಯಾರು, ಎಣ್ಮಕಜೆ ಕಡೆಯ ತೋಟಗಳಿಗೆ ನೀರು. ಅಲ್ಲಿನ ಸುರಂಗಗಳು ಗುಡ್ಡೆಯ ಮೈಗೆ ಅಡ್ಡಲಾಗಿ, ಒಬ್ಬರು ನಡೆಯುವಷ್ಟು ಅಗಲಕ್ಕೆ, ಒಳಕ್ಕೆ ಹೋದಂತೆ ತುಸು ಏರುವ ಹಾಗೆ ಕೊರೆದವು. ಸುರಂಗದ ಮಾಡು (ಚಾವಣಿ) ಗಟ್ಟಿ ಮುರಕಲ್ಲಿನಲ್ಲಿರಬೇಕು, ಒರತೆ ಸಿಗುವುದು ಮುರಕಲ್ಲು ಮೆತ್ತಗಾಗಿ ಶೇಡಿ ಶುರುವಾಗುವ ಗಡಿಯಲ್ಲಿ. ಮಾಡೇ ಶೇಡಿಯಾದರೆ ಕೆಲಸ ಬಿಟ್ಟು ಬರಬೇಕು. ಹಳೆಯ ಸುರಂಗದೊಳಗೆ ನೋಡಲೆಂದು ಒಬ್ಬರೇ ನುಗ್ಗಬೇಡಿ; ಗಾಳಿ ಇರುವುದಿಲ್ಲ, ಹಾವು ಬಾವಲಿ ಇರುತ್ತವೆ.

ಹಂತ 7: ತೋಟದ ಮಣ್ಣು

ಬೆಟ್ಟು, ಮಜಲು, ಬೈಲು ಎಂದು ಹಿರಿಯರು ಗದ್ದೆ ವಿಂಗಡಿಸಿದ್ದು ಎತ್ತರದ ಲೆಕ್ಕ ಮಾತ್ರವಲ್ಲ, ಮಣ್ಣಿನ ಲೆಕ್ಕವೂ ಹೌದು. ಮೇಲೆ ಜಲ್ಲಿ ಹೆಚ್ಚು, ನೀರು ನಿಲ್ಲದು. ಬೈಲಿನಲ್ಲಿ ಮೇಲಿಂದ ತೊಳೆದುಬಂದ ನಯವಾದ ಮಣ್ಣು. ಹಾಗಾಗಿ ಮೂರೂ ಕಡೆಯ ಮಣ್ಣನ್ನು ಒಂದೇ ಚೀಲಕ್ಕೆ ಹಾಕಬೇಡಿ.

ಮೊದಲು 2 ಮಿಲಿಮೀಟರ್ ಜರಡಿಯಲ್ಲಿ ಜಾಲಿಸಿ, ಜಲ್ಲಿಯನ್ನು ಬೇರೆ ತೂಗಿ ಬರೆದಿಡಿ. ನೇರ ಬದಿಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಒಂದು ಚಮಚ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಹತ್ತು ನಿಮಿಷ ಕುಲುಕಿ. ನೆನೆಸುವುದನ್ನು ತಪ್ಪಿಸಿದರೆ ಉತ್ತರ ತಪ್ಪುತ್ತದೆ: ನಮ್ಮ ಮಣ್ಣಿನಲ್ಲಿ ಕಬ್ಬಿಣದ ತುಕ್ಕು ಜೇಡಿಕಣಗಳನ್ನು ಅಂಟಿಸಿ ಮರಳಿನಂಥ ಹರಳು ಮಾಡಿರುತ್ತದೆ, ಅವು ಮರಳಿನ ಜೊತೆಗೇ ತಳ ಸೇರುತ್ತವೆ. ಬಾಟಲಿ ಇಟ್ಟ 1 ನಿಮಿಷಕ್ಕೆ ಮೊದಲ ಗುರುತು, ಅದು ಮರಳು. 2 ಗಂಟೆಗೆ ಎರಡನೆಯದು, ರೇವೆ. ಎರಡು ದಿನದ ಮೇಲೆ ಕೊನೆಯದು, ಜೇಡಿ. ಒಟ್ಟು 12 ಸೆಂಟಿಮೀಟರಿನಲ್ಲಿ ಮರಳು 6, ರೇವೆ 2, ಜೇಡಿ 4 ಬಂದರೆ ಅದು ಮರಳುಮಿಶ್ರಿತ ಜೇಡಿಗೋಡು.

ಹುಳಿ ನೋಡಲು 10 ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ಬಟ್ಟಿ ಇಳಿಸಿದ ನೀರು ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ಪಿಎಚ್ ಪಟ್ಟಿ ಅದ್ದಿ. ಬಾವಿ ನೀರು ಬಳಸಬೇಡಿ, ಮುರಕಲ್ಲಿನ ಬಾವಿಯ ನೀರೇ ಹುಳಿ. ಈ ಮಣ್ಣು ಸಾಮಾನ್ಯವಾಗಿ 4.5ರಿಂದ 6ರ ನಡುವೆ ಇರುತ್ತದೆ. ಸುಣ್ಣ ಎಷ್ಟು ಹಾಕಬೇಕೆಂಬುದನ್ನು ಪಟ್ಟಿ ನೋಡಿ ಊಹಿಸದೆ, ತೋಟದ ಹತ್ತು ಹದಿನೈದು ಕಡೆಯಿಂದ ತೆಗೆದು ಬೆರೆಸಿದ ಅರ್ಧ ಕಿಲೋ ಮಣ್ಣನ್ನು ನೆರಳಲ್ಲಿ ಒಣಗಿಸಿ ಕೃಷಿಭವನದ ಮೂಲಕ ಪರೀಕ್ಷೆಗೆ ಕಳುಹಿಸಿ. ಗೊಬ್ಬರದ ಗುಂಡಿಯ ಹತ್ತಿರ, ಕಣಿಯ ಬದಿ, ಈಚೆಗೆ ಸುಣ್ಣ ಹಾಕಿದಲ್ಲಿ ತೆಗೆಯಬೇಡಿ.

ಹಂತ 8: ಪಳೆಯುಳಿಕೆ, ಮತ್ತು ಪಳೆಯುಳಿಕೆಯಂತೆ ಕಾಣುವವು

ನೈಸ್, ಚಾರ್ನೊಕೈಟ್ ಭೂಮಿಯಾಳದ ಕಾವಿನಲ್ಲಿ ಬೆಂದ ಶಿಲೆಗಳು, ಅವುಗಳಲ್ಲಿ ಪಳೆಯುಳಿಕೆ ಇರುವುದಿಲ್ಲ. ಮುರಕಲ್ಲಿನಲ್ಲಿ ಜೀವಿಗಳ ಚಿಪ್ಪು ಇದ್ದಿದ್ದರೂ ಹುಳಿ ನೀರು ಕರಗಿಸಿರುತ್ತದೆ. ಆದರೂ ಜನ ತರುವ ತುಂಡುಗಳು ಮೂರು ಬಗೆ. ಕಲ್ಲಿನ ಬಿರುಕಿನಲ್ಲಿ ಜರೀಗಿಡದಂತೆ ಹರಡಿದ ಕಪ್ಪು ಚಿತ್ತಾರ: ಅದು ಮ್ಯಾಂಗನೀಸ್. ಮಸೂರದಲ್ಲಿ ನೋಡಿದರೆ ಎಲೆಯ ನಡುನರವಿಲ್ಲ, ಬಿರುಕಿನ ಮೇಲ್ಮೈ ಬಿಟ್ಟು ಒಳಗೂ ಇಳಿದಿಲ್ಲ. ಬೇರಿನಂತೆ, ಹುಳದ ಬಿಲದಂತೆ ಕಾಣುವ ಕೊಳವೆ: ಹೆಚ್ಚಿನವು ಮುರಕಲ್ಲಿನ ಸಹಜ ತೂತು. ಮೊಟ್ಟೆಯಂಥ ಗುಂಡು: ಒಡೆದರೆ ಪದರ ಪದರವಾಗಿ ಕಬ್ಬಿಣ, ಒಳಗೆ ಜಲ್ಲಿ ಅಥವಾ ಪೊಳ್ಳು.

ಹುಡುಕಬೇಕಾದ ಜಾಗ ಕರಾವಳಿಯ ತಗ್ಗು. ಹಿನ್ನೀರಿನ ಬದಿಯ ಬಾವಿಗಳಲ್ಲಿ ಚಿಪ್ಪಿನ ಪದರ, ಕಪ್ಪಾದ ಮರದ ತುಂಡು ಸಿಗಬಹುದು. ಪಕ್ಕದ ಕಣ್ಣೂರು ಜಿಲ್ಲೆಯ ಮಾಡಾಯಿಯಲ್ಲಿ ಚೀನಾ ಮಣ್ಣಿನ ಜೊತೆ ಲಿಗ್ನೈಟ್ ಇದೆ. ಚಿಪ್ಪೋ ಅಲ್ಲವೋ ಎಂಬ ಸಂಶಯಕ್ಕೆ ಸ್ವಲ್ಪ ಪುಡಿ ಮಾಡಿ ವಿನೆಗರ್ ಹಾಕಿ, ನೊರೆ ಬಂದರೆ ಸುಣ್ಣದಂಶ. ಗುಡ್ಡೆಯ ಮೇಲೆ ನೊರೆ ಬರುವ ಬಿಳಿ ಕಲ್ಲು ಸಿಕ್ಕಿತೆಂದರೆ ಯಾರೋ ಸುರಿದ ಹಳೆಯ ಗಾರೆ ಎಂದೇ ತಿಳಿಯಿರಿ. ಒದ್ದೆ ಮರದ ತುಂಡನ್ನು ಬಿಸಿಲಿಗಿಟ್ಟರೆ ಸೀಳುತ್ತದೆ; ಒದ್ದೆ ಬಟ್ಟೆ ಸುತ್ತಿ ತೊಟ್ಟೆಯಲ್ಲಿ ಕಟ್ಟಿಡಿ.

ಮುರಕಲ್ಲು ಕಡಿಯುವಾಗ ಮೇಲೆ ದುಂಡು ತೂತು, ಒಳಗೆ ಕೋಣೆ, ಮಡಕೆ ಕಂಡರೆ ಅದು ಬೃಹತ್ ಶಿಲಾಯುಗದ ಗುಹಾ ಸಮಾಧಿ. ಅಲ್ಲಿಗೆ ಯಂತ್ರ ನಿಲ್ಲಿಸಿ, ಏನನ್ನೂ ಎತ್ತದೆ ಪುರಾತತ್ವ ಇಲಾಖೆಗೆ ತಿಳಿಸಬೇಕು.

ತಂದ ಪ್ರತಿ ತುಂಡಿಗೂ ಊರು, ಜಾಗ, ಆಳ, ಮೇಲಿನ ಪದರ, ಕೆಳಗಿನ ಪದರ, ತಾರೀಕು ಬರೆದ ಚೀಟಿ ತೊಟ್ಟೆಯೊಳಗೂ ಒಂದು, ಹೊರಗೂ ಒಂದು. ಒಳಗಿನದನ್ನು ಪೆನ್ಸಿಲಿನಲ್ಲಿ ಬರೆಯಿರಿ, ಶೇಡಿಯ ತೇವಕ್ಕೆ ಶಾಯಿ ನಿಲ್ಲುವುದಿಲ್ಲ.